ಎಂಬತ್ತು ಸುತ್ತಿನ ಕಾಯಿಲ್ ಸರಿಯಿದೆ, ಏರಿಯಲ್ ಕಟ್ಟಿದ ಜಾಗ ಸರಿಯಿಲ್ಲ

ಪ್ರಶ್ನೆ: ಮೀಡಿಯಂ ವೇವ್ ಕೇಳಲು ಕ್ರಿಸ್ಟಲ್ ರೇಡಿಯೊ, ಅಂದರೆ ಬ್ಯಾಟರಿಯಿಲ್ಲದ ಸರಳ ಸೆಟ್, ಕಟ್ಟುತ್ತಿದ್ದೇನೆ. 5 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಕೊಳವೆಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಎನಾಮಲ್ ತಂತಿಯನ್ನು 80 ಸುತ್ತು ಒತ್ತಾಗಿ ಸುತ್ತಿದ್ದೇನೆ. ಹಳೆಯ ವಾಲ್ವ್ ರೇಡಿಯೊದಿಂದ ತೆಗೆದ ಗ್ಯಾಂಗ್ ಕಂಡೆನ್ಸರ್‌ನ (ಗುಂಡಿ ತಿರುಗಿಸಿ ಬೆಲೆ ಬದಲಿಸುವ ಕೆಪಾಸಿಟರ್) ಒಂದು ವಿಭಾಗವನ್ನು ಅದಕ್ಕೆ ಜೋಡಿಸಿದ್ದೇನೆ. ಅಳೆದಾಗ ಅದು 12ರಿಂದ 365 ಪಿಕೊಫ್ಯಾರಡ್ ತೋರಿಸುತ್ತದೆ. ಹೊರಗೆ ಎಳೆದಿರುವ ಸುಮಾರು 25 ಮೀಟರ್ ತಂತಿಯ ಏರಿಯಲ್ ಮತ್ತು ಜರ್ಮೇನಿಯಂ ಡಯೋಡ್ ಎರಡನ್ನೂ ಕಾಯಿಲ್‌ನ ಮೇಲ್ತುದಿಗೆ ಕೊಟ್ಟಿದ್ದೇನೆ. ಲೆಕ್ಕದ ಪ್ರಕಾರ ಪೂರ್ತಿ ಬ್ಯಾಂಡ್ ಸಿಗಬೇಕಿತ್ತು. ಆದರೆ ಸಿಗ್ನಲ್ ಜನರೇಟರ್ ಇಟ್ಟು ನೋಡಿದರೆ 425ರಿಂದ 660 ಕಿಲೋಹರ್ಟ್ಜ್ ಮಾತ್ರ ಸಿಗುತ್ತಿದೆ. ಸುತ್ತುಗಳನ್ನು ಅರ್ಧಕ್ಕೆ, ಅಂದರೆ 40ಕ್ಕೆ ಇಳಿಸಿದೆ. ಈಗ 690ರಿಂದ 1075. ಸಾಲದ್ದಕ್ಕೆ ಒಂದು ಪ್ರಬಲ ನಿಲಯ ಡಯಲ್‌ನ ಅರ್ಧಭಾಗವನ್ನು ಆಕ್ರಮಿಸಿದೆ. ಗ್ಯಾಂಗ್ ಹಾಳಾಗಿದೆ, ಬದಲಿಸು ಎಂದು ಒಬ್ಬರು ಹೇಳುತ್ತಾರೆ. ಕಂಡೆನ್ಸರ್ ದೊಡ್ಡದಿದ್ದಷ್ಟೂ ಹೆಚ್ಚು ಎಳೆಯುತ್ತದೆ ಎಂದು ಇನ್ನೊಬ್ಬರು. ಸೂತ್ರದಲ್ಲಿ ಇಂಡಕ್ಟನ್ಸ್ ಮತ್ತು ಕೆಪಾಸಿಟನ್ಸ್‌ಗಳ ಗುಣಲಬ್ಧ ಮಾತ್ರ ಇರುವುದರಿಂದ ಯಾವ ಜೋಡಿಯನ್ನು ಆರಿಸಿದರೂ ಒಂದೇ ಅಲ್ಲವೇ? 100 ಪಿಕೊಫ್ಯಾರಡ್‌ನ ಸಾಧಾರಣ ಸೆರಾಮಿಕ್ ಡಿಸ್ಕ್ ಒಂದನ್ನು ಸೇರಿಸಿದರೆ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದದ್ದು ಆ ನಾಲ್ಕು ಸಂಖ್ಯೆಗಳು. "ಮೇಲಿನ ನಿಲಯಗಳು ಬರುತ್ತಿಲ್ಲ" ಎಂದಷ್ಟೇ ಬರೆದಿದ್ದರೆ ನಾನು ಊಹೆಯ ಮೇಲೆ ಊಹೆ ಕಟ್ಟಬೇಕಾಗಿತ್ತು. 425, 660, 690, 1075 ಎಂದು ಬರೆದಿರುವುದರಿಂದ ನಿಮ್ಮ ಸರ್ಕ್ಯೂಟ್‌ನಲ್ಲಿ ಏನಾಗುತ್ತಿದೆ ಎಂಬುದನ್ನು ಇಲ್ಲಿ ಕುಳಿತೇ ಹೇಳಬಹುದು.

ಮೊದಲು ಅನುಪಾತ ನೋಡಿ. 660ನ್ನು 425ರಿಂದ ಭಾಗಿಸಿದರೆ 1.55. 1075ನ್ನು 690ರಿಂದ ಭಾಗಿಸಿದರೆ 1.56. ಕಾಯಿಲ್ ಅರ್ಧವಾದರೂ ಈ ಅನುಪಾತ ಕದಲಿಲ್ಲ. ಕದಲುವುದೂ ಇಲ್ಲ, ಏಕೆಂದರೆ ಕಾಯಿಲ್ ಬದಲಿಸಿದರೆ ಇಡೀ ಪಟ್ಟಿ ಮೇಲಕ್ಕೋ ಕೆಳಕ್ಕೋ ಜರುಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಅಗಲವನ್ನು ನಿರ್ಧರಿಸುವುದು ಕೆಪಾಸಿಟನ್ಸ್ ಒಂದೇ: ಗ್ಯಾಂಗ್ ಪೂರ್ತಿ ಮುಚ್ಚಿದಾಗಿನ ಒಟ್ಟು ಮೊತ್ತಕ್ಕೂ ಪೂರ್ತಿ ತೆರೆದಾಗಿನ ಒಟ್ಟು ಮೊತ್ತಕ್ಕೂ ಇರುವ ಅನುಪಾತ. "ಒಟ್ಟು" ಎಂಬ ಮಾತಿನಲ್ಲೇ ನಿಮ್ಮ ತೊಂದರೆ ಅಡಗಿದೆ.

ಅನುರಣನೆಯ, ಅಂದರೆ ಕಾಯಿಲ್ ಮತ್ತು ಕಂಡೆನ್ಸರ್ ಸೇರಿ ಯಾವ ಆವೃತ್ತಿಯನ್ನು ಆರಿಸುತ್ತವೆ ಎಂಬುದರ, ಸೂತ್ರವನ್ನು ಬೆಂಚಿನ ಮೇಲೆ ಬಳಸುವ ರೂಪದಲ್ಲಿ ಹೇಳುವುದಾದರೆ, ಮೈಕ್ರೊಹೆನ್ರಿಯಲ್ಲಿರುವ ಎಲ್ (ಇಂಡಕ್ಟನ್ಸ್) ಮತ್ತು ಪಿಕೊಫ್ಯಾರಡ್‌ನಲ್ಲಿರುವ ಸಿ (ಕೆಪಾಸಿಟನ್ಸ್) ಇವುಗಳ ಗುಣಲಬ್ಧವು 25,330ನ್ನು ಮೆಗಾಹರ್ಟ್ಜ್‌ನಲ್ಲಿರುವ ಆವೃತ್ತಿಯ ವರ್ಗದಿಂದ ಭಾಗಿಸಿದಷ್ಟು. ಈ 25,330ನ್ನು ನೆನಪಿಟ್ಟುಕೊಂಡರೆ ಉಳಿದದ್ದಕ್ಕೆ ಕ್ಯಾಲ್ಕುಲೇಟರ್ ಸಾಕು. ಆವೃತ್ತಿಯ ವರ್ಗ ಬರುವುದರಿಂದ, ಆವೃತ್ತಿ 1.56 ಪಟ್ಟು ಏರಿದೆ ಎಂದರೆ ಒಟ್ಟು ಕೆಪಾಸಿಟನ್ಸ್ ಸುಮಾರು 2.43 ಪಟ್ಟು ಇಳಿದಿದೆ ಎಂದರ್ಥ. ನಿಮ್ಮ ಗ್ಯಾಂಗ್ 12ರಿಂದ 365ರವರೆಗೆ, ಅಂದರೆ 353 ಪಿಕೊಫ್ಯಾರಡ್‌ನಷ್ಟು ಓಡಾಡುತ್ತದೆ. 353ರ ಓಡಾಟದಿಂದ 2.43 ಪಟ್ಟು ವ್ಯತ್ಯಾಸ ಬರಬೇಕಾದರೆ ಕನಿಷ್ಠ ಮೊತ್ತ 353ನ್ನು 1.43ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 247 ಇರಬೇಕು. ಅದರಲ್ಲಿ ಗ್ಯಾಂಗ್‌ನ ಪಾಲು 12. ಉಳಿದ 235 ಪಿಕೊಫ್ಯಾರಡ್ ನೀವು ಹಾಕಿದ್ದಲ್ಲ, ಆದರೂ ಅಲ್ಲಿದೆ.

ಅದು ಬಂದದ್ದು ಎಲ್ಲಿಂದ? ಕಾಯಿಲ್‌ನ ಪಕ್ಕಪಕ್ಕದ ಸುತ್ತುಗಳ ನಡುವೆ, ಜೋಡಣೆಯ ತಂತಿಗಳ ನಡುವೆ, ಗ್ಯಾಂಗ್‌ನ ಬದಿಯಲ್ಲಿರುವ ಟ್ರಿಮ್ಮರ್‌ನಲ್ಲಿ (ತಿರುಪಿನಿಂದ ಹೊಂದಿಸುವ ಪುಟ್ಟ ಕಂಡೆನ್ಸರ್), ಡಯೋಡ್‌ನಲ್ಲಿ ಎಲ್ಲ ಸೇರಿ ಸಾಮಾನ್ಯವಾಗಿ 20–30 ಪಿಕೊಫ್ಯಾರಡ್ ಇರುತ್ತದೆ. 25 ಎಂದು ಇಟ್ಟುಕೊಳ್ಳೋಣ. ಮಿಕ್ಕ 210 ನಿಮ್ಮ ಏರಿಯಲ್. ಮೀಡಿಯಂ ವೇವ್‌ನಲ್ಲಿ ಅಲೆಯ ಉದ್ದ ಸುಮಾರು 190ರಿಂದ 560 ಮೀಟರ್. ಅದರ ಮುಂದೆ 25 ಮೀಟರ್ ತಂತಿ ತೀರ ಗಿಡ್ಡ. ಇಂಥ ಗಿಡ್ಡ ತಂತಿ ರಿಸೀವರ್‌ನ ಕಣ್ಣಿಗೆ ಬಹುಮಟ್ಟಿಗೆ ಒಂದು ಕೆಪಾಸಿಟರ್‌ನಂತೆಯೇ ಕಾಣುತ್ತದೆ. ರೇಡಿಯೊ ಪರೀಕ್ಷಿಸುವ ಬೆಂಚಿನಲ್ಲಿ ನಿಜವಾದ ಏರಿಯಲ್‌ನ ಬದಲು ಕೂರಿಸುವ ಡಮ್ಮಿ ಏರಿಯಲ್‌ನಲ್ಲೂ ಮುಖ್ಯ ಭಾಗ 200 ಪಿಕೊಫ್ಯಾರಡ್‌ನ ಕೆಪಾಸಿಟರ್. ನಿಮ್ಮ ಸಂಖ್ಯೆಗಳಿಂದ ಹೊರಟ ಲೆಕ್ಕ ಅಲ್ಲಿಗೇ ಬಂದು ನಿಂತಿದೆ.

ಗ್ಯಾಂಗ್ ಹಾಳಾಗಿದೆ ಎಂಬ ಮಾತನ್ನೂ ಇದೇ ಲೆಕ್ಕ ಬಗೆಹರಿಸುತ್ತದೆ. ಮುಚ್ಚಿದಾಗಿನ ಮೊತ್ತ ಸುಮಾರು 600 ಪಿಕೊಫ್ಯಾರಡ್, ಆವೃತ್ತಿ 690 ಎಂದು ಹಾಕಿದರೆ ನಿಮ್ಮ 40 ಸುತ್ತಿನ ಕಾಯಿಲ್ ಸುಮಾರು 88 ಮೈಕ್ರೊಹೆನ್ರಿ ಎಂದಾಗುತ್ತದೆ. ಇನ್ನು ಕಾಯಿಲ್‌ನ ಅಳತೆಯಿಂದ ಹೊರಡಿ. ಒಂದೇ ಪದರದ ಕಾಯಿಲ್‌ಗೆ ವೀಲರ್ ಸೂತ್ರವಿದೆ: ತ್ರಿಜ್ಯದ ವರ್ಗವನ್ನು ಸುತ್ತುಗಳ ವರ್ಗದಿಂದ ಗುಣಿಸಿ, ತ್ರಿಜ್ಯದ 9 ಪಟ್ಟು ಮತ್ತು ಉದ್ದದ 10 ಪಟ್ಟು ಕೂಡಿದ ಮೊತ್ತದಿಂದ ಭಾಗಿಸಬೇಕು; ಅಳತೆ ಸೆಂಟಿಮೀಟರ್‌ನಲ್ಲಿದ್ದರೆ ಬಂದದ್ದನ್ನು ಇನ್ನೊಮ್ಮೆ 2.54ರಿಂದ ಭಾಗಿಸಬೇಕು. ಎನಾಮಲ್ ಮತ್ತು ಸುತ್ತುವಾಗ ಉಳಿಯುವ ಸಣ್ಣ ಬಿರುಕು ಸೇರಿ ಒಂದು ಸುತ್ತಿಗೆ 0.56 ಮಿಲಿಮೀಟರ್ ಹಿಡಿದರೆ 40 ಸುತ್ತಿಗೆ 88, 80 ಸುತ್ತಿಗೆ 234 ಮೈಕ್ರೊಹೆನ್ರಿ ಬರುತ್ತದೆ. ಎರಡು ಬೇರೆ ಬೇರೆ ದಾರಿಯಿಂದ ಹೊರಟು ಒಂದೇ ಸಂಖ್ಯೆ ಮುಟ್ಟಿದ್ದೇವೆ. ಗ್ಯಾಂಗ್ ಅರ್ಧ ಸತ್ತಿದ್ದರೆ ಹೀಗಾಗುತ್ತಿರಲಿಲ್ಲ. ಅದನ್ನು ಬದಲಿಸುವ ಅಗತ್ಯವಿಲ್ಲ.

ಇಲ್ಲೇ ಒಂದು ಸಣ್ಣ ಅಡ್ಡಮಾತು. ಸುತ್ತು ಅರ್ಧವಾದರೆ ಇಂಡಕ್ಟನ್ಸ್ ಕಾಲು ಭಾಗವಾಗುತ್ತದೆ ಎಂದು ಎಲ್ಲ ಪುಸ್ತಕಗಳಲ್ಲೂ ಓದಿರುತ್ತೇವೆ. ನಿಮ್ಮ ಕಾಯಿಲ್‌ನಲ್ಲಿ ಅದು 234ರಿಂದ 58ಕ್ಕೆ ಇಳಿಯದೆ 88ರಲ್ಲಿ ನಿಂತಿತು. ಸುತ್ತಿನ ವರ್ಗದ ನಿಯಮ ನಡೆಯುವುದು ಕಾಯಿಲ್‌ನ ಉದ್ದವೂ ವ್ಯಾಸವೂ ಹಾಗೆಯೇ ಉಳಿದರೆ ಮಾತ್ರ. ಒತ್ತಾಗಿ ಸುತ್ತಿದ ಕಾಯಿಲ್‌ನಿಂದ ಸುತ್ತು ಬಿಚ್ಚಿದರೆ ಉದ್ದವೂ ಕುಗ್ಗುತ್ತದೆ. ಉಳಿದ ಸುತ್ತುಗಳು ಪರಸ್ಪರ ಹತ್ತಿರವೇ ಇರುವುದರಿಂದ ನಷ್ಟ ಅಷ್ಟು ಆಗುವುದಿಲ್ಲ. ಫೆರೈಟ್ ರಾಡ್ ಮೇಲಿನ ಕಾಯಿಲ್‌ನಲ್ಲಿ ಈ ನಿಯಮ ಇನ್ನೂ ಸಡಿಲ. ಅಲ್ಲಿ ಕಾಯಿಲ್ ರಾಡ್‌ನ ನಡುವೆ ಇದೆಯೋ ತುದಿಯಲ್ಲಿ ಇದೆಯೋ ಎಂಬುದೂ ಇಂಡಕ್ಟನ್ಸ್ ಅನ್ನು ಬದಲಿಸುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯಾವ ಜೋಡಿ ಆರಿಸಿದರೂ ಒಂದೇ ಅಲ್ಲವೇ ಎಂದು ಕೇಳಿದ್ದೀರಿ. ಒಂದೇ ಒಂದು ಆವೃತ್ತಿಗೆ, ಯಾವುದೂ ಜೋಡಿಸದೆ ಗಾಳಿಯಲ್ಲಿ ತೂಗಿಬಿಟ್ಟ ಸರ್ಕ್ಯೂಟ್‌ಗೆ ನಿಮ್ಮ ಮಾತು ಬಹುಮಟ್ಟಿಗೆ ನಿಜ. ಆದರೆ ಗ್ಯಾಂಗ್ ತಿರುಗಿಸಬೇಕು, ಏರಿಯಲ್ ಕಟ್ಟಬೇಕು, ಡಯೋಡ್ ನೇತುಹಾಕಬೇಕು ಎಂದ ಕೂಡಲೇ ಜೋಡಿಯ ಆಯ್ಕೆ ನಮ್ಮ ಕೈಯಿಂದ ಹೆಚ್ಚೂಕಡಿಮೆ ತಪ್ಪಿಹೋಗುತ್ತದೆ. ಹೊಸಬರು ಸಾಮಾನ್ಯವಾಗಿ ಮೊದಲು ಕಾಯಿಲ್ ಸುತ್ತಿ, ಆಮೇಲೆ ಕಂಡೆನ್ಸರ್ ಹುಡುಕುತ್ತಾರೆ. ನಾನು ಯಾರಿಗೇ ಹೇಳಿಕೊಡುವಾಗಲೂ ಇದನ್ನು ತಲೆಕೆಳಗು ಮಾಡುತ್ತೇನೆ: ಮೊದಲು ಗ್ಯಾಂಗ್, ಆಮೇಲೆ ತಾನಾಗಿ ಬಂದು ಸೇರುವ ಕೆಪಾಸಿಟನ್ಸ್, ಅದರ ನಂತರವೇ ಕಾಯಿಲ್. ಕಾಯಿಲ್ ನಮ್ಮ ಕೈಯಲ್ಲಿದೆ, ಎಷ್ಟು ಬೇಕೋ ಅಷ್ಟು ಸುತ್ತಬಹುದು. ಗ್ಯಾಂಗ್ ಹಾಗಲ್ಲ, ಸಿಕ್ಕಿದ್ದರಲ್ಲೇ ಕೆಲಸ ನಡೆಸಬೇಕು.

ಒಂಬತ್ತು ಕಿಲೋಹರ್ಟ್ಜ್ ಅಂತರದ ಪದ್ಧತಿಯಲ್ಲಿ ಮೀಡಿಯಂ ವೇವ್ 531ರಿಂದ 1602ರವರೆಗೆ. ಅನುಪಾತ ಸುಮಾರು 3.02, ಅದರ ವರ್ಗ 9.1. ಮುಚ್ಚಿದಾಗಿನ ಮೊತ್ತ ತೆರೆದಾಗಿನದರ 9.1 ಪಟ್ಟು ಇರಬೇಕು. ನಿಮ್ಮ 353ನ್ನು 8.1ರಿಂದ ಭಾಗಿಸಿದರೆ 43.6. ಅಂದರೆ ತೆರೆದಾಗಿನ ಇಡೀ ಸರ್ಕ್ಯೂಟ್‌ನ ಮೊತ್ತ 43.6 ಪಿಕೊಫ್ಯಾರಡ್ ದಾಟುವಂತಿಲ್ಲ. ಗ್ಯಾಂಗ್‌ನ 12 ಕಳೆದರೆ ಉಳಿದ ಎಲ್ಲದಕ್ಕೂ ಸೇರಿ ಸಿಗುವುದು 31 ಚಿಲ್ಲರೆ. ಕಾಯಿಲ್ ಮತ್ತು ತಂತಿಗಳೇ 25 ತಿಂದರೆ ಏರಿಯಲ್‌ಗೆ ಉಳಿಯುವುದು ಸುಮಾರು 6.6. ಆ ಜಾಗಕ್ಕೆ ನೀವು 210 ತುರುಕಿದ್ದೀರಿ. ಈ ಚಿಕ್ಕ ಬಜೆಟ್ಟೇ ಮೀಡಿಯಂ ವೇವ್ ಟ್ಯೂನಿಂಗ್‌ನ ನಿಜವಾದ ಲೆಕ್ಕ.

ಕಾಯಿಲ್‌ನ ಬೆಲೆ ಆಮೇಲೆ ತಾನಾಗಿಯೇ ಬೀಳುತ್ತದೆ. 531ಕ್ಕೆ ಬೇಕಾದ ಗುಣಲಬ್ಧ ಸುಮಾರು 89,800. ಮುಚ್ಚಿದಾಗಿನ ಮೊತ್ತ 396.6. ಭಾಗಿಸಿದರೆ 226 ಮೈಕ್ರೊಹೆನ್ರಿ. ನಿಮ್ಮ ಕೊಳವೆಯ ಮೇಲೆ ಅದು 78 ಸುತ್ತು. 80 ಸುತ್ತಿ, ಕೊನೆಗೆ ಎರಡು ಬಿಚ್ಚಿದರೆ ಮುಗಿಯಿತು. ನಿಮ್ಮ ಮೊದಲ ಕಾಯಿಲ್ ಹೆಚ್ಚೂಕಡಿಮೆ ಸರಿಯಾಗಿಯೇ ಇತ್ತು. ಬಿಚ್ಚಿದ ನಲವತ್ತು ಸುತ್ತನ್ನು ಮತ್ತೆ ಸುತ್ತುವ ಕೆಲಸ ಮಾತ್ರ ನಿಮ್ಮ ಪಾಲಿಗೆ ಬಂತು.

ಇದೇ ಲೆಕ್ಕವನ್ನು ಬೇರೆ ಗ್ಯಾಂಗ್‌ಗೆ ಹಾಕಿ ನೋಡಿದರೆ, ಪುಸ್ತಕಗಳಲ್ಲಿ ಕಾಣುವ ಬೇರೆ ಬೇರೆ ಕಾಯಿಲ್ ಬೆಲೆಗಳು ಎಲ್ಲಿಂದ ಬಂದವು ಎಂದು ಗೊತ್ತಾಗುತ್ತದೆ. ಪಾಕೆಟ್ ರೇಡಿಯೊದ ಪುಟ್ಟ ಪ್ಲಾಸ್ಟಿಕ್ ಗ್ಯಾಂಗ್‌ನಲ್ಲಿ ಏರಿಯಲ್ ವಿಭಾಗ ಸುಮಾರು 140 ಪಿಕೊಫ್ಯಾರಡ್. ಅದಕ್ಕೆ ಬರುವ ಕಾಯಿಲ್ 600 ಮೈಕ್ರೊಹೆನ್ರಿಯ ಆಸುಪಾಸು. 500 ಪಿಕೊಫ್ಯಾರಡ್ ಗ್ಯಾಂಗ್‌ಗೆ ಸುಮಾರು 165. ಒಂದರ ಕಾಯಿಲನ್ನು ಇನ್ನೊಂದರ ಗ್ಯಾಂಗ್‌ಗೆ ಜೋಡಿಸಿ "ಸರ್ಕ್ಯೂಟ್ ಕೆಲಸ ಮಾಡುವುದಿಲ್ಲ" ಎಂದು ಬರೆಯುವವರ ಪತ್ರಗಳು ನನಗೆ ಬರುತ್ತಲೇ ಇರುತ್ತವೆ.

ದೊಡ್ಡ ಕಂಡೆನ್ಸರ್ ಹೆಚ್ಚು ಎಳೆಯುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಟ್ಯೂನಿಂಗ್ ಕಂಡೆನ್ಸರ್ ಏನನ್ನೂ ಎಳೆಯುವುದಿಲ್ಲ. ಅದಕ್ಕೆ ಎದುರಾದ ಇನ್ನೊಂದು ನಂಬಿಕೆಯೂ ಇದೆ: ಇಂಡಕ್ಟನ್ಸ್ ಹೆಚ್ಚಿಸಿದಷ್ಟೂ ವೋಲ್ಟೇಜ್ ಹೆಚ್ಚು, ಆದ್ದರಿಂದ ಕಾಯಿಲ್ ದೊಡ್ಡದಿರಲಿ ಎಂದು. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಿಮ್ಮ ಡಯಲ್ ತುಂಬ ಒಂದೇ ನಿಲಯ ಹರಡಿಕೊಂಡಿರುವುದಕ್ಕೂ ಉತ್ತರ ಇಲ್ಲಿದೆ.

234 ಮೈಕ್ರೊಹೆನ್ರಿ ಕಾಯಿಲ್ 1000 ಕಿಲೋಹರ್ಟ್ಜ್‌ನಲ್ಲಿ ಸುಮಾರು 1,470 ಓಮ್ ರಿಯಾಕ್ಟನ್ಸ್ (ಆ ಆವೃತ್ತಿಯ ಪ್ರವಾಹಕ್ಕೆ ಒಡ್ಡುವ ತಡೆ) ತೋರಿಸುತ್ತದೆ. ಕಾಯಿಲ್‌ನ ಕ್ಯೂ, ಅಂದರೆ ಅದರಲ್ಲಿ ನಷ್ಟ ಎಷ್ಟು ಕಡಿಮೆ ಎಂಬುದರ ಅಳತೆ, 100 ಎಂದುಕೊಂಡರೆ ಅನುರಣನೆಯಲ್ಲಿ ಇಡೀ ಸರ್ಕ್ಯೂಟ್ 1 ಲಕ್ಷ 47 ಸಾವಿರ ಓಮ್‌ನ ರೋಧದಂತೆ ಕಾಣುತ್ತದೆ. ಆವೃತ್ತಿಯನ್ನು ಕ್ಯೂನಿಂದ ಭಾಗಿಸಿದರೆ ಬ್ಯಾಂಡ್ ಅಗಲ: 10 ಕಿಲೋಹರ್ಟ್ಜ್. ಪಕ್ಕದ ನಿಲಯ 9 ಕಿಲೋಹರ್ಟ್ಜ್ ದೂರದಲ್ಲಿರುವಾಗ ಒಂದೇ ಸರ್ಕ್ಯೂಟ್‌ನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು. ಇದು ಡಯೋಡ್ ಜೋಡಿಸುವ ಮೊದಲಿನ ಚಿತ್ರ. ಡಯೋಡ್ ಮತ್ತು ಇಯರ್‌ಫೋನ್ ಸೇರಿ 50 ಸಾವಿರ ಓಮ್ ಹೊರೆ ಎಂದು ಇಟ್ಟುಕೊಳ್ಳಿ. ಅದನ್ನು ಮೇಲ್ತುದಿಗೆ ಕಟ್ಟಿದರೆ ಒಟ್ಟು ರೋಧ 37 ಸಾವಿರಕ್ಕೆ ಕುಸಿಯುತ್ತದೆ, ಕ್ಯೂ 25ಕ್ಕೆ, ಬ್ಯಾಂಡ್ ಅಗಲ 40 ಕಿಲೋಹರ್ಟ್ಜ್‌ಗೆ. ನಾಲ್ಕು ಚಾನೆಲ್‌ಗಳು ಒಟ್ಟಿಗೆ ಒಳಗೆ ಬರುತ್ತವೆ. ಏರಿಯಲ್ ಮತ್ತು ಭೂಸಂಪರ್ಕದ ರೋಧವೂ ಸೇರಿದರೆ ಇನ್ನಷ್ಟು. ಪ್ರಬಲ ನಿಲಯ ಅರ್ಧ ಡಯಲ್ ಆಕ್ರಮಿಸುವುದು ಹೀಗೆ.

ಅದೇ ಹೊರೆಯನ್ನು 88 ಮೈಕ್ರೊಹೆನ್ರಿಯ ಕಾಯಿಲ್‌ಗೆ, ಅದಕ್ಕೆ ತಕ್ಕಂತೆ ಹೆಚ್ಚಿನ ಕೆಪಾಸಿಟನ್ಸ್ ಹಾಕಿ ಕಟ್ಟಿದರೆ? ರಿಯಾಕ್ಟನ್ಸ್ 550 ಓಮ್, ಹೊರೆಯಿಲ್ಲದ ರೋಧ 55 ಸಾವಿರ, ಹೊರೆ ಸೇರಿದಾಗ 26 ಸಾವಿರ, ಕ್ಯೂ 47, ಬ್ಯಾಂಡ್ ಅಗಲ 21. ಚಿಕ್ಕ ಕಾಯಿಲ್‌ನಲ್ಲಿ ನಿಲಯಗಳು ಹೆಚ್ಚು ಚೆನ್ನಾಗಿ ಬೇರ್ಪಡುತ್ತವೆ! ಹೊರೆ ಭಾರವಾಗಿದ್ದರೆ ಎಲ್ ಕಡಿಮೆ, ಸಿ ಹೆಚ್ಚು ಇರುವ ಜೋಡಿ ಅದನ್ನು ತಡೆದುಕೊಳ್ಳುತ್ತದೆ. ಹೊರೆ ಹಗುರವಾಗಿದ್ದರೆ, ಉದಾಹರಣೆಗೆ ಎಫ್‌ಇಟಿಯ (ಒಂದು ಬಗೆಯ ಟ್ರಾನ್ಸಿಸ್ಟರ್) ಗೇಟ್ ಅಥವಾ ವಾಲ್ವ್‌ನ ಗ್ರಿಡ್, ಎಲ್ ಹೆಚ್ಚು ಇರುವ ಜೋಡಿಯಿಂದ ವೋಲ್ಟೇಜ್ ಹೆಚ್ಚು ಸಿಗುತ್ತದೆ. ಗುಣಲಬ್ಧ ಆವೃತ್ತಿಯನ್ನು ಹೇಳುತ್ತದೆ, ಅನುಪಾತ ರೋಧವನ್ನು ಹೇಳುತ್ತದೆ. ಸೂತ್ರದಲ್ಲಿ ಕಾಣದೆ ನಿಮ್ಮನ್ನು ಗೊಂದಲಕ್ಕೆ ಕೆಡವಿದ್ದು ಈ ಅನುಪಾತ.

ಹಾಗೆಂದು ಎಲ್ ಕಡಿಮೆ ಮಾಡುತ್ತಾ ಹೋಗಲು ಗ್ಯಾಂಗ್ ಬಿಡುವುದಿಲ್ಲ ಎಂದು ಆಗಲೇ ನೋಡಿದೆವು. ದಾರಿ ಇರುವುದು ಟ್ಯಾಪ್‌ನಲ್ಲಿ, ಅಂದರೆ ಕಾಯಿಲ್‌ನ ನಡುವಿನ ಒಂದು ಸುತ್ತಿನಿಂದ ತೆಗೆದ ಕವಲಿನಲ್ಲಿ. ಡಯೋಡನ್ನು ಮೇಲ್ತುದಿಯ ಬದಲು ಭೂಸಂಪರ್ಕದ ಕಡೆಯಿಂದ ಮೂರನೇ ಒಂದು ಭಾಗದಲ್ಲಿ, ಅಂದರೆ ಇಪ್ಪತ್ತಾರನೆಯ ಸುತ್ತಿನ ಹತ್ತಿರ, ಟ್ಯಾಪ್ ತೆಗೆದು ಕೊಡಿ. ಸರ್ಕ್ಯೂಟ್‌ಗೆ ಆ 50 ಸಾವಿರ ಓಮ್ ಈಗ ಒಂಬತ್ತು ಪಟ್ಟು, 4.5 ಲಕ್ಷದಂತೆ ಕಾಣುತ್ತದೆ. ಕ್ಯೂ 75ರ ಸುತ್ತ ಬಂದು ನಿಲ್ಲುತ್ತದೆ, ಬ್ಯಾಂಡ್ ಅಗಲ 13. ಡಯೋಡ್‌ಗೆ ಸಿಗುವ ಪಾಲು ಮೂರನೇ ಒಂದಾದರೂ, ಮೇಲ್ತುದಿಯ ವೋಲ್ಟೇಜೇ ಏರುವುದರಿಂದ ಶಬ್ದ ಅಷ್ಟಾಗಿ ಕುಗ್ಗುವುದಿಲ್ಲ. ದೂರದ, ದುರ್ಬಲ ನಿಲಯಗಳಿಗೆ ಮಾತ್ರ ಇದು ತುಸು ನಷ್ಟದ ವ್ಯವಹಾರ: ಡಯೋಡ್‌ಗೆ ಎಚ್ಚರವಾಗಲು ಒಂದಿಷ್ಟು ವೋಲ್ಟೇಜ್ ಬೇಕು, ಟ್ಯಾಪ್‌ನಲ್ಲಿ ಅದು ಸಿಗದೆ ಹೋಗಬಹುದು. ಆದ್ದರಿಂದ ಇಪ್ಪತ್ತು, ಮೂವತ್ತು, ನಲವತ್ತನೆಯ ಸುತ್ತುಗಳಲ್ಲೂ ಟ್ಯಾಪ್ ಬಿಟ್ಟು, ಕ್ರೊಕೊಡೈಲ್ ಕ್ಲಿಪ್‌ನಿಂದ ಬದಲಿಸಿ ಕೇಳಿ. ನಿಮ್ಮ ಕಿವಿಗೆ ಹೊಂದುವುದೇ ಸರಿಯಾದ ಟ್ಯಾಪ್.

ಏರಿಯಲ್‌ಗೂ ಇದೇ ಮದ್ದು. ಮೂರು ದಾರಿಗಳಿವೆ.

ಮೊದಲನೆಯದು ಏರಿಯಲ್ ಮತ್ತು ಮೇಲ್ತುದಿಯ ನಡುವೆ ಒಂದು ಚಿಕ್ಕ ಕೆಪಾಸಿಟರ್. ಎಲ್ಲರೂ ಇದನ್ನೇ ಹೇಳುತ್ತಾರೆ, 33 ಅಥವಾ 47 ಪಿಕೊಫ್ಯಾರಡ್ ಹಾಕಿ ಎಂದು. ನಿಮ್ಮ ಗ್ಯಾಂಗ್‌ಗೆ ಅದು ಸಾಲದು: 210ರ ಜೊತೆ ಸರಣಿಯಲ್ಲಿ 33 ಹಾಕಿದರೂ 28 ಪಿಕೊಫ್ಯಾರಡ್ ಉಳಿಯುತ್ತದೆ, ಬಜೆಟ್ 6.6. ಬಜೆಟ್‌ಗೆ ತಂದು ನಿಲ್ಲಿಸಬೇಕಾದರೆ 6–7 ಪಿಕೊಫ್ಯಾರಡ್ ಬೇಕು, ಆಗ ಕೆಳಗಿನ ಆವೃತ್ತಿಗಳಲ್ಲಿ ಸಿಗ್ನಲ್ ತುಂಬಾ ಸೊರಗುತ್ತದೆ. ಮುಂದೆ ಆಂಪ್ಲಿಫೈಯರ್ ಇದ್ದರೆ ಪರವಾಗಿಲ್ಲ. ಕ್ರಿಸ್ಟಲ್ ಸೆಟ್‌ಗೆ ನಾನು ಇದನ್ನು ಆರಿಸುವುದಿಲ್ಲ.

ಎರಡನೆಯದು, ನಾನು ನಿಮಗೆ ಹೇಳುವುದು, ಟ್ಯಾಪ್. ಟ್ಯಾಪ್‌ಗೆ ಕಟ್ಟಿದ ಕೆಪಾಸಿಟನ್ಸ್ ಮೇಲ್ತುದಿಯಲ್ಲಿ ಸುತ್ತುಗಳ ಅನುಪಾತದ ವರ್ಗದಷ್ಟು ಕುಗ್ಗಿ ಕಾಣುತ್ತದೆ. 78 ಸುತ್ತಿನಲ್ಲಿ ಹತ್ತನೆಯದಕ್ಕೆ ಏರಿಯಲ್ ಕೊಟ್ಟರೆ 210 ಪಿಕೊಫ್ಯಾರಡ್ 3.5ರಂತೆ ಕಾಣುತ್ತದೆ. ಹದಿನಾಲ್ಕನೆಯದಕ್ಕೆ ಕೊಟ್ಟರೆ 6.8, ಅಲ್ಲಿಗೆ ಬಜೆಟ್ ಮುಗಿಯಿತು. ಇಪ್ಪತ್ತನೆಯದಕ್ಕೆ ಕೊಟ್ಟರೆ 14 ಸಮೀಪ. ಬ್ಯಾಂಡ್‌ನ ಮೇಲಿನ ತುದಿ ಕತ್ತರಿಸಿಹೋಗುತ್ತದೆ. ಒಂದೇ ಪದರದ ಕಾಯಿಲ್‌ನಲ್ಲಿ ಎಲ್ಲ ಸುತ್ತುಗಳೂ ಒಂದಕ್ಕೊಂದು ಪೂರ್ತಿ ಬೆಸೆದಿರುವುದಿಲ್ಲವಾದ್ದರಿಂದ ಈ ಸಂಖ್ಯೆಗಳು ಅಂದಾಜು. ಆದರೂ ದಿಕ್ಕು ತಪ್ಪುವುದಿಲ್ಲ. ಟ್ಯಾಪ್ ಬೇಡವೆಂದರೆ ಭೂಸಂಪರ್ಕದ ತುದಿಯಿಂದ ಕೆಲವು ಮಿಲಿಮೀಟರ್ ಬಿಟ್ಟು ಹತ್ತು ಹನ್ನೆರಡು ಸುತ್ತಿನ ಬೇರೆ ಕಾಯಿಲ್ ಸುತ್ತಿ ಏರಿಯಲ್‌ಗೆ ಕೊಡಬಹುದು. ಆ ಅಂತರ ಹೆಚ್ಚಿಸಿದಂತೆ ನಿಲಯಗಳು ಬೇರ್ಪಡುತ್ತವೆ, ಶಬ್ದ ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಮೂರನೆಯದು ಪೂರ್ತಿ ಬ್ಯಾಂಡ್ ಒಂದೇ ಓಟದಲ್ಲಿ ಬೇಕೆಂಬ ಹಟ ಬಿಡುವುದು. ಕಾಯಿಲ್‌ಗೆ ಸ್ವಿಚ್ ಹಾಕಿ ಎರಡು ಭಾಗ ಮಾಡಿದರೆ ಪ್ರತಿ ಭಾಗಕ್ಕೂ ಆವೃತ್ತಿಯಲ್ಲಿ 1.78 ಪಟ್ಟು ಸಾಕು. ಆಗ ತಾನಾಗಿ ಬರುವ ಕೆಪಾಸಿಟನ್ಸ್ 150 ಪಿಕೊಫ್ಯಾರಡ್‌ವರೆಗೂ ನಡೆಯುತ್ತದೆ. 174 ಮೈಕ್ರೊಹೆನ್ರಿಯಲ್ಲಿ 531ರಿಂದ ಸುಮಾರು 945, 60 ಮೈಕ್ರೊಹೆನ್ರಿಯಲ್ಲಿ ಸುಮಾರು 905ರಿಂದ 1610. ಏರಿಯಲನ್ನು ಇನ್ನಷ್ಟು ಗಟ್ಟಿಯಾಗಿ ಜೋಡಿಸಬಹುದು, ಬ್ಯಾಟರಿಯಿಲ್ಲದ ಸೆಟ್‌ಗೆ ಅದು ದೊಡ್ಡ ಲಾಭ. ಖರ್ಚು ಎಂದರೆ ಒಂದು ಸ್ವಿಚ್ ಮತ್ತು ಅದರ ತಂತಿಗಳು. ಬಳಕೆಯಲ್ಲಿಲ್ಲದ ಸುತ್ತುಗಳು ತೂಗಾಡುತ್ತಾ ಬೇರೆ ಆವೃತ್ತಿಯಲ್ಲಿ ಅನುರಣಿಸಿ ತರಲೆ ಮಾಡುವ ಸಾಧ್ಯತೆಯೂ ಇದೆ. ಬೇರೆ ಕೊಳವೆಯ ಮೇಲೆ ಎರಡು ಕಾಯಿಲ್ ಸುತ್ತುವುದೇ ನಿರ್ಮಲ.

ಗ್ಯಾಂಗ್‌ನ ಎರಡೂ ವಿಭಾಗಗಳನ್ನು ಸಮಾಂತರವಾಗಿ ಸೇರಿಸಿದರೆ ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: 730 ಪಿಕೊಫ್ಯಾರಡ್ ಸಿಗುತ್ತದೆ, ಹೊರಗಿನ ಕೆಪಾಸಿಟನ್ಸ್‌ಗೆ ಜಾಗ 63ಕ್ಕೆ ಏರುತ್ತದೆ, ಕಾಯಿಲ್ ಸುಮಾರು 113 ಮೈಕ್ರೊಹೆನ್ರಿ. ಒಳ್ಳೆಯ ಉಪಾಯವೇ. ಹೊರೆ ಭಾರವಿರುವ ನಿಮ್ಮಂಥ ಸೆಟ್‌ಗೆ ಇನ್ನೂ ಒಳ್ಳೆಯದು.

100 ಪಿಕೊಫ್ಯಾರಡ್‌ನ ಸೆರಾಮಿಕ್ ಡಿಸ್ಕ್ ಬೇಡ. ನಿಮ್ಮ ತೊಂದರೆಯೇ ಕೆಪಾಸಿಟನ್ಸ್ ಹೆಚ್ಚಾಗಿರುವುದು. ಗ್ಯಾಂಗ್‌ಗೆ ಸಮಾಂತರವಾಗಿ ಇನ್ನೂ 100 ಸೇರಿಸಿದರೆ ಪಟ್ಟಿ ಮತ್ತಷ್ಟು ಕಿರಿದಾಗುತ್ತದೆ. ಎಲ್ಲಿಯಾದರೂ ಸ್ಥಿರ ಕೆಪಾಸಿಟರ್ ಬೇಕಾಗಿಯೇ ಬಂದರೆ ಎನ್‌ಪಿ0 ಅಥವಾ ಸಿ0ಜಿ ಗುರುತಿನ ಸೆರಾಮಿಕ್, ಸಿಲ್ವರ್ ಮೈಕಾ, ಪಾಲಿಸ್ಟೈರಿನ್ ಇವುಗಳಲ್ಲೊಂದು ಇರಲಿ. ವಿದ್ಯುತ್ ಪೂರೈಕೆಯ ಗದ್ದಲ ಅಡಗಿಸಲು ಬಳಸುವ ಎಕ್ಸ್‌7ಆರ್‌ನಂಥ ಸೆರಾಮಿಕ್‌ಗಳ ಬೆಲೆ ಉಷ್ಣತೆಯೊಂದಿಗೂ ವೋಲ್ಟೇಜ್‌ನೊಂದಿಗೂ ಸರಿಯುತ್ತದೆ, ನಷ್ಟವೂ ಹೆಚ್ಚು. ಜಾಗ ತಪ್ಪಿದರೆ ಒಳ್ಳೆಯ ಕಾಯಿಲ್‌ನ ಕ್ಯೂ ಕೂಡ ವ್ಯರ್ಥ.

ಸ್ಥಿರ ಕೆಪಾಸಿಟರ್ ಯಾವಾಗಲೂ ಶತ್ರುವೇ ಎಂದು ತಿಳಿಯಬೇಡಿ. ನಾಳೆ ನೀವು ಶಾರ್ಟ್ ವೇವ್‌ಗೆ ಹೋಗಿ 7.0ರಿಂದ 7.2 ಮೆಗಾಹರ್ಟ್ಜ್‌ವರೆಗಿನ ಹವ್ಯಾಸಿ ಬ್ಯಾಂಡ್ ಕೇಳಬೇಕೆಂದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಅಲ್ಲಿ ಕೆಪಾಸಿಟನ್ಸ್ ಶೇಕಡಾ 6ರಷ್ಟು ಬದಲಾದರೆ ಸಾಕು. 365ರ ಗ್ಯಾಂಗ್ ಇಟ್ಟರೆ ಇಡೀ ಬ್ಯಾಂಡ್ ಗುಂಡಿಯ ಕೂದಲೆಳೆಯಷ್ಟು ಚಲನೆಯಲ್ಲಿ ದಾಟಿಹೋಗುತ್ತದೆ. ಬದಲಿಗೆ ಕೇವಲ 10 ಪಿಕೊಫ್ಯಾರಡ್ ಓಡಾಡುವ ಪುಟ್ಟ ವೇರಿಯಬಲ್, ಅದರ ಜೊತೆ ಎಲ್ಲ ಸೇರಿ ಕನಿಷ್ಠ ಮೊತ್ತ 172 ಆಗುವಷ್ಟು ಸ್ಥಿರ ಕೆಪಾಸಿಟನ್ಸ್, 2.84 ಮೈಕ್ರೊಹೆನ್ರಿ ಕಾಯಿಲ್. ಡಯಲ್ ತುಂಬ ಆ ಬ್ಯಾಂಡ್ ಹರಡುತ್ತದೆ. ಟ್ರಾನ್ಸಿಸ್ಟರ್ ಬಿಸಿಯಾಗಿ ಅದರ ಕೆಪಾಸಿಟನ್ಸ್ ಅರ್ಧ ಪಿಕೊಫ್ಯಾರಡ್ ಸರಿದರೂ 172ರ ಮುಂದೆ ಅದು ಗೌಣ. ಮೀಡಿಯಂ ವೇವ್‌ನಲ್ಲಿ ಬೈದು ಹೊರಹಾಕಿದ್ದನ್ನು ಇಲ್ಲಿ ಕರೆದು ಕೂರಿಸುತ್ತೇವೆ. ಸೂಪರ್‌ಹೆಟ್ ಸೆಟ್‌ನ (ಪ್ರತಿ ನಿಲಯವನ್ನೂ ಒಂದೇ ಸ್ಥಿರ ಆವೃತ್ತಿಗೆ ಬದಲಿಸಿಕೊಳ್ಳುವ ರೇಡಿಯೊ) ಆಸಿಲೇಟರ್ ಕೂಡ ಬೇರೆಯದೇ ಪ್ರಕರಣ: ನಿಲಯದ ಆವೃತ್ತಿಗಿಂತ 455 ಕಿಲೋಹರ್ಟ್ಜ್ ಮೇಲೆ ಓಡುವ ಅದಕ್ಕೆ 986ರಿಂದ 2057 ಸಾಕು, ಆವೃತ್ತಿ 2.09 ಪಟ್ಟು ಮಾತ್ರ. ಅದಕ್ಕೇ ಅದರ ಗ್ಯಾಂಗ್ ವಿಭಾಗ ಚಿಕ್ಕದಿರುತ್ತದೆ, ಇಲ್ಲವೇ ಸರಣಿಯಲ್ಲಿ ಪ್ಯಾಡರ್ ಎಂಬ ಕೆಪಾಸಿಟರ್ ಇರುತ್ತದೆ.

ಕೆಲವು ಚಿಲ್ಲರೆ ಸೂಚನೆಗಳು. ಗ್ಯಾಂಗ್‌ನ ಚೌಕಟ್ಟು ಭೂಸಂಪರ್ಕದ ಕಡೆಗೇ ಇರಲಿ; ತಿರುಗುಮುರುಗಾದರೆ ಗುಂಡಿಗೆ ಕೈ ತಾಗಿದಾಗಲೆಲ್ಲ ನಿಲಯ ಜಾರುತ್ತದೆ. ಹಳೆಯ ಗ್ಯಾಂಗ್‌ನ ಬದಿಯ ಟ್ರಿಮ್ಮರ್‌ನ ತಿರುಪು ಬಿಗಿಯಾಗಿದ್ದರೆ ಸಡಿಲಿಸಿ, ಬಜೆಟ್‌ನಲ್ಲಿ ಕೆಲವು ಪಿಕೊಫ್ಯಾರಡ್ ಉಳಿಯುತ್ತದೆ. ದಪ್ಪ ತಂತಿಯಿಂದ ಕ್ಯೂ ಬೇಕಾಬಿಟ್ಟಿ ಏರುತ್ತದೆ ಎಂದುಕೊಳ್ಳಬೇಡಿ: 1 ಮೆಗಾಹರ್ಟ್ಜ್‌ನಲ್ಲಿ ಪ್ರವಾಹ ತಾಮ್ರದ ಹೊರಮೈಯ ಸುಮಾರು 0.066 ಮಿಲಿಮೀಟರ್ ಆಳದಲ್ಲೇ ಹೆಚ್ಚಾಗಿ ಹರಿಯುತ್ತದೆ. ಕ್ಯೂ ನಿಜಕ್ಕೂ ಹೆಚ್ಚಬೇಕೆಂದರೆ ಹಲವು ಸೂಕ್ಷ್ಮ ಎಳೆಗಳ ಲಿಟ್ಜ್ ತಂತಿ ಹುಡುಕಿ. ಕಾಯಿಲನ್ನು ಲೋಹದ ತಟ್ಟೆಯಿಂದ ಕನಿಷ್ಠ ಅದರ ವ್ಯಾಸದಷ್ಟು ದೂರ ಇಡಿ.

ಹೊಂದಾಣಿಕೆಯ ಕ್ರಮವೂ ಮುಖ್ಯ. ಸೂತ್ರದಿಂದ ಬಂದ ಇಂಡಕ್ಟನ್ಸ್ ಶೇಕಡಾ 5 ತಪ್ಪಿದರೆ ಆವೃತ್ತಿ ಶೇಕಡಾ 2.5 ತಪ್ಪುತ್ತದೆ, 1000 ಕಿಲೋಹರ್ಟ್ಜ್‌ನಲ್ಲಿ ಅದು 25, ಅಂದರೆ ಹತ್ತಿರ ಹತ್ತಿರ ಮೂರು ಚಾನೆಲ್. ಆದ್ದರಿಂದ ಬ್ಯಾಂಡ್‌ನ ಕೆಳತುದಿಯನ್ನು ಸುತ್ತು ಬಿಚ್ಚಿ ಸರಿಮಾಡಿ, ಬ್ಯಾಂಡ್‌ನ ಮೇಲ್ತುದಿಯನ್ನು ಟ್ರಿಮ್ಮರ್‌ನಿಂದ. ಒಂದು ಸರಿಯಾದಾಗ ಇನ್ನೊಂದು ತುಸು ಸರಿದಿರುತ್ತದೆ, ಎರಡು ಮೂರು ಸಲ ಹಿಂದುಮುಂದು ಓಡಾಡಬೇಕು. ಕ್ರಮ ತಪ್ಪಿಸಿ ಕೆಳತುದಿಯನ್ನು ಟ್ರಿಮ್ಮರ್‌ನಿಂದ ಸರಿಪಡಿಸಲು ಹೊರಟರೆ ಸಂಜೆಯಾದರೂ ಮುಗಿಯುವುದಿಲ್ಲ.

ಹೊರಗಿನ ಏರಿಯಲ್ ಬಗ್ಗೆ ಒಂದು ಎಚ್ಚರಿಕೆ. ಗುಡುಗಿನ ಸೂಚನೆ ಕಂಡೊಡನೆ, ಮೋಡ ನೆತ್ತಿಯ ಮೇಲೆ ಬರುವ ಮೊದಲೇ, ಸೆಟ್‌ನಿಂದ ಅದನ್ನು ಬಿಡಿಸಿ ಹೊರಗೇ ನೆಲಕ್ಕೆ ಜೋಡಿಸಿ. ಸಿಡಿಲು ಸಮೀಪ ಬಂದ ಮೇಲೆ ತಂತಿಯನ್ನು ಮುಟ್ಟಲೇಬೇಡಿ. ತಂತಿ ಎಲ್ಲಿಯೂ ವಿದ್ಯುತ್ ಲೈನ್‌ನ ಮೇಲೆ, ಕೆಳಗೆ, ಅಕ್ಕಪಕ್ಕ ಹಾದುಹೋಗಬಾರದು. ಭೂಸಂಪರ್ಕಕ್ಕೆ ಗೋಡೆಯ ಸಾಕೆಟ್‌ಗೆ ತಂತಿ ತೂರಿಸುವ ಸಾಹಸ ಬೇಡ, ನೆಲಕ್ಕೆ ಹೊಡೆದ ಬೇರೆ ಸಲಾಕೆ ಇರಲಿ.

ಹೊಸದಾಗಿ ಏನನ್ನೂ ಕೊಳ್ಳುವ ಮೊದಲು ಈ ಒಂದು ಪರೀಕ್ಷೆ ಮಾಡಿ. 80 ಸುತ್ತನ್ನು ಮರಳಿ ಸುತ್ತಿ, ಏರಿಯಲ್ ಪೂರ್ತಿ ಬಿಡಿಸಿ. ಸಿಗ್ನಲ್ ಜನರೇಟರನ್ನು ನೇರವಾಗಿ ಜೋಡಿಸದೆ, ಅದರ ತುದಿಗೆ ಒಂದೆರಡು ಸುತ್ತಿನ ತಂತಿ ಕಟ್ಟಿ ಕಾಯಿಲ್‌ನಿಂದ ನಾಲ್ಕೈದು ಸೆಂಟಿಮೀಟರ್ ದೂರ ಇಡಿ. ನನ್ನ 25 ಪಿಕೊಫ್ಯಾರಡ್ ಅಂದಾಜು ಸರಿಯಿದ್ದರೆ ಕೆಳತುದಿ 527ರ ಹತ್ತಿರ, ಮೇಲ್ತುದಿ 1710ರ ಹತ್ತಿರ ಸಿಗಬೇಕು. ಮೇಲ್ತುದಿ 1600 ದಾಟದಿದ್ದರೆ ಟ್ರಿಮ್ಮರ್‌ನ ತಿರುಪು ಮತ್ತು ಜೋಡಣೆಯ ತಂತಿಗಳನ್ನು ನೋಡಿ. ಆಗಲೂ ಸರಿಹೋಗದಿದ್ದರೆ ಎರಡೂ ತುದಿಯ ಸಂಖ್ಯೆಗಳನ್ನು ಬರೆದು ಕಳುಹಿಸಿ, ಉಳಿದದ್ದನ್ನು ಲೆಕ್ಕದಿಂದ ಹುಡುಕೋಣ.